ಒಂದು ಎಡ, ಒಂದು ಬಲ

ಕೈಗವಸು ಮಾಡುವವರು ಯಾರೂ ಮೀನಿನ ಬಾಯಿಂದ ಗಾಳ ಬಿಡಿಸಿದವರಲ್ಲ. ಬಿಡಿಸಿದ್ದರೆ ಪೊಟ್ಟಣದ ಮೇಲೆ ಅಂಥ ಚಿತ್ರ ಹಾಕುತ್ತಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಒಬ್ಬ ಮನುಷ್ಯ, ತೊಡೆಗಿಂತ ದಪ್ಪದ ಮೀನನ್ನು ಕೂಸಿನ ಹಾಗೆ ಎತ್ತಿಕೊಂಡು ನಗುತ್ತಿರುತ್ತಾನೆ. ಸರಿಯಾಗಿ ನೋಡಿದರೆ ಮೀನೂ ನಗುತ್ತಿರುತ್ತದೆ. ಕೆಳಗೆ ದಪ್ಪಕ್ಷರದಲ್ಲಿ ‘ಎಲ್ಲ ಕೆಲಸಕ್ಕೂ’ ಎಂದು ಬರೆದಿರುತ್ತಾರೆ. ಆ ಎಲ್ಲ ಕೆಲಸದ ಪಟ್ಟಿಯಲ್ಲಿ ನನ್ನ ಕೆಲಸ ಇರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಎಡಗೈಯ ಉಂಗುರದ ಬೆರಳು ಹೋದ ಮೇಲೆ.

ಹೋಯಿತು ಎಂದರೆ ಬೆರಳು ಇದೆ. ಮಡಚುವುದಿಲ್ಲ, ಅಷ್ಟೇ.

ನಮ್ಮದು ಉದ್ದ ಹಗ್ಗದ ದೋಣಿ. ಒಂದು ಮುಖ್ಯ ಹಗ್ಗ, ಅದಕ್ಕೆ ಅಲ್ಲಲ್ಲಿ ಕವಲು ದಾರ, ಒಂದೊಂದು ಕವಲಿಗೆ ಎರಡೆರಡು ಗಾಳ. ಬೆಳಗಿನ ಜಾವ ನೀರಿಗೆ ಬಿಟ್ಟು ಬಿಸಿಲೇರಿದ ಮೇಲೆ ಎಳೆಯುತ್ತೇವೆ. ಹಗ್ಗ ಎಳೆಯುವ ಯಂತ್ರದ ಹತ್ತಿರ ಯಜಮಾನರು ನಿಲ್ಲುತ್ತಾರೆ. ದೋಣಿ ಅವರದೇ, ನಡೆಸುವವರೂ ಅವರೇ. ಕೊಕ್ಕೆ ಕೋಲು ಹಿಡಿಯುವವನು ಗೊಣಗ. ಅವನ ನಿಜವಾದ ಹೆಸರು ಅವನ ಹೆಂಡತಿಗೂ ಮರೆತುಹೋಗಿರಬೇಕು, ಅಷ್ಟು ಗೊಣಗುತ್ತಾನೆ. ದೋಣಿಯ ಅಂಚಿನಲ್ಲಿ ನಿಂತು ಗಾಳ ಬಿಡಿಸುವವನು ನಾನು. ನನ್ನನ್ನು ಅವರು ಕಿಡಿ ಎನ್ನುತ್ತಾರೆ. ಯಾಕೆ ಎಂದು ಕೇಳಿದವರ ಮೇಲೆ ನಾನು ಹಾರಿಬೀಳುವುದರಿಂದ ಯಾರೂ ಕೇಳುವುದಿಲ್ಲ.

ಎಡಗೈಯಲ್ಲಿ ಕವಲು ದಾರ ಹಿಡಿದು ಮೀನಿನ ತಲೆಯನ್ನು ಅಂಚಿಗೆ ಒತ್ತಬೇಕು. ಬಲಗೈಯ ಉದ್ದ ಇಕ್ಕಳದಿಂದ ಗಾಳದ ಬೆನ್ನು ಹಿಡಿದು, ತಿರುಗಿಸಿ, ಅದು ಹೋದ ದಾರಿಯಲ್ಲೇ ಹೊರಗೆ ತರಬೇಕು. ಹೇಳುವುದಕ್ಕೆ ಇಷ್ಟೇ. ಆದರೆ ಮೀನು ಒಪ್ಪಬೇಕಲ್ಲ. ಒಂದು ಗಾಳ ಅದರ ಬಾಯಲ್ಲಿದ್ದರೆ, ಅದೇ ಕವಲಿನ ಇನ್ನೊಂದು ಗಾಳ ಹೊರಗೆ ತೂಗಾಡುತ್ತಾ, ಯಾರ ಕೈ ಸಿಕ್ಕೀತು ಎಂದು ಹುಡುಕುತ್ತಿರುತ್ತದೆ. ಕೆಲವು ಮೀನಿನ ಬೆನ್ನಿನಲ್ಲಿ ಸೂಜಿಯಂಥ ಮುಳ್ಳು, ಕೆಲವಕ್ಕೆ ಉಪ್ಪುಕಾಗದದಂಥ ಚರ್ಮ, ಕೆಲವಕ್ಕೆ ಹಲ್ಲು. ನನ್ನ ಬೆರಳಿಗೆ ಸಿಕ್ಕಿದ್ದು ಹಲ್ಲು. ಸತ್ತಿದೆ ಎಂದುಕೊಂಡ ಉದ್ದ ಮೂತಿಯ ಮೀನೊಂದು ಸುಮ್ಮನೆ ಒಮ್ಮೆ ಬಾಯಿ ಮುಚ್ಚಿತು. ಎಲ್ಲ ಕೆಲಸದ ಕೈಗವಸು ಹಪ್ಪಳದಂತೆ ಹೋಯಿತು. ಡಾಕ್ಟರು ಚರ್ಮವನ್ನು ಚೆನ್ನಾಗಿಯೇ ಹೊಲಿದರು. ಒಳಗೆ ಬೆರಳನ್ನು ಎಳೆಯುವ ನರ ಮಾತ್ರ ಮತ್ತೆ ಕೂಡಲಿಲ್ಲ.

ಗಾಯ ಮಾಗುವವರೆಗೆ ದಡದಲ್ಲಿದ್ದೆ. ಮಾಗಿದ ದಿನವೇ ದೋಣಿ ಕಟ್ಟುವ ಕಟ್ಟೆಗೆ ಹೋದೆ. ಉಂಗುರ ಹಾಕುವ ಬೆರಳೇ ನೆಟ್ಟಗೆ ನಿಂತಿದೆಯಲ್ಲ, ಹಾಕುವವಳಿಗೆ ಕೆಲಸ ಸುಲಭವಾಯಿತು ಎಂದು ಗೊಣಗ ಹೇಳಿದ. ಅವನು ನಗಿಸುವುದೇ ಅಪರೂಪ, ಆದರೂ ನಾನು ನಗಲಿಲ್ಲ. ಯಜಮಾನರು ನನ್ನ ಎಡಗೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಒಂದೊಂದೇ ಬೆರಳು ಮಡಚಿಸಿ ನೋಡಿದರು.

“ಬರೋ ಸಲ ಅಂಚಲ್ಲಿ ನಿಂತು ನೋಡು ಕಿಡಿ. ಕೈ ನಡೆದ್ರೆ ಜಾಗ ನಿಂದೇ. ನಡೀಲಿಲ್ಲಾಂದ್ರೆ ದಡದಲ್ಲಿ ಐಸು ಒಡೆಯೋ ಕೆಲಸ ಇದೆ, ನಾನೇ ಹೇಳಿ ಕೊಡಿಸ್ತೀನಿ. ಬೇಜಾರು ಮಾಡ್ಕೋಬೇಡ.”

ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಬೇಜಾರು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಐಸಿನ ಕಾರ್ಖಾನೆಯಲ್ಲಿ ನಮ್ಮಣ್ಣ ಇದ್ದಾನೆ. ಅವನಿಗೆ ಸುದ್ದಿ ಕೇಳಿ ಖುಷಿಯೇ ಆಯಿತು. ಇಬ್ಬರೂ ಒಂದೇ ಬುತ್ತಿ ಒಯ್ಯಬಹುದು ಎಂದ. ಐಸಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಶಾಲೆ ಬಿಟ್ಟ ದಿನದಿಂದ ಎಲ್ಲಿ ಹೋದರೂ ‘ಪಕ್ಕಕ್ಕೆ ನಿಲ್ಲು’ ಎಂದು ಹೇಳಿಸಿಕೊಂಡವನು ನಾನು. ‘ಇಲ್ಲಿ ನಿಲ್ಲು’ ಎಂದ ಜಾಗ ಆ ಅಂಚೊಂದೇ. ಅದನ್ನು ಒಂದು ಬೆರಳಿಗಾಗಿ ಬಿಟ್ಟುಕೊಡುವುದಕ್ಕೆ ನಾನು ತಯಾರಿರಲಿಲ್ಲ.

ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಂಡರು. ಅವರು ಮೀನು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಬೆಳಗಿಂದ ಸಂಜೆವರೆಗೆ ನಿಂತೇ ಕೆಲಸ; ಮುಂದೆ ಮೀನು ಹೊತ್ತ ಪಟ್ಟಿ ಓಡುತ್ತಿರುತ್ತದೆ, ಕೈ ಓಡದಿದ್ದರೆ ಮೀನು ಮುಂದೆ ಹೋಗಿಬಿಡುತ್ತದೆ. ಅತ್ತಿಗೆ ಎಡಚರು. ಎಡಗೈಯಲ್ಲಿ ಚೂರಿ, ಬಲಗೈಯಲ್ಲಿ ಮೀನು. ಆದ್ದರಿಂದ ಅವರನ್ನು ಸಾಲಿನ ತೀರಾ ಕೊನೆಗೆ ನಿಲ್ಲಿಸಿದ್ದಾರೆ, ಇಲ್ಲದಿದ್ದರೆ ಪಕ್ಕದವರ ಮೊಣಕೈಗೆ ಮೊಣಕೈ ತಾಗುತ್ತದೆ. ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಯಾವಾಗಲೂ ಒಂದು ಕೆಂಪು ಗೆರೆ ಇರುತ್ತದೆ. ಸಂಜೆ ಬಂದು ಅದಕ್ಕೆ ಎಣ್ಣೆ ಹಚ್ಚಿಕೊಳ್ಳುವುದನ್ನು ನಾನು ದಿನಾ ನೋಡುತ್ತಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

“ನಾಳೆ ನಂಗೆ ರಜೆ,” ಎಂದರು. “ಗ್ಲೌಸ್ ತರೋಕೆ ನಾನೂ ಬರ್ತೀನಿ. ನೀನೊಬ್ನೇ ಹೋದ್ರೆ ಜಗಳ ತಗೊಂಡು ಬರ್ತೀಯ. ಹಾಂ, ಬರುವಾಗ ಒಂದು ಗಾಳ, ನಿನ್ನ ಇಕ್ಕಳ, ಎರಡೂ ಇಟ್ಕೋ.”

ಗಾಳದ ತುದಿಗೆ ಬಾಟಲಿಯ ಬಿರಡೆ ಚುಚ್ಚಿ ಜೇಬಿಗೆ ಹಾಕಿಕೊಂಡೆ.

ಬಂದರಿನ ಬೀದಿಯ ಆ ಅಂಗಡಿಯಲ್ಲಿ ಹಗ್ಗ, ಬಣ್ಣ, ಬಕೀಟು, ರಬ್ಬರಿನ ಬೂಟು ಎಲ್ಲ ಒಂದರ ಮೇಲೊಂದು. ಬಾಗಿಲಲ್ಲಿ ನಿಂತರೇ ಟಾರು ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯುತ್ತದೆ. ಅಂಗಡಿಯಾತ ಮಾತಿನ ಮಲ್ಲ. ದೊಡ್ಡ ಮೀನಿಗೆ ಗ್ಲೌಸು ಬೇಕು ಎಂದದ್ದೇ ತಡ, ಒಂದು ಬೂದು ಬಣ್ಣದ ಕೈಗವಸನ್ನು ತಾನೇ ಹಾಕಿಕೊಂಡು, ಮೇಜಿನ ಮೇಲಿದ್ದ ಚೂರಿಯಿಂದ ಅಂಗೈಯನ್ನು ಸರಸರ ಗೀಚಿ, ಕೈ ಎತ್ತಿ ತೋರಿಸಿದ. ಒಂದು ಎಳೆಯೂ ಹರಿದಿರಲಿಲ್ಲ. ನನಗಂತೂ ಅಲ್ಲೇ ಮನಸ್ಸು ಸೋತಿತು. ಇದೊಂದಿದ್ದಿದ್ದರೆ ನನ್ನ ಬೆರಳು ಇವತ್ತು ಎಲ್ಲರ ಬೆರಳಿನಂತೆ ಇರುತ್ತಿತ್ತಲ್ಲ ಎಂದು ಹೊಟ್ಟೆ ಉರಿಯಿತು.

ಅತ್ತಿಗೆ ಅದನ್ನು ಈಸಿಕೊಂಡು, ನನ್ನ ಜೇಬಿನ ಗಾಳ ಕೇಳಿ, ಬಿರಡೆ ತೆಗೆದು, ಕೈಗವಸಿನ ಮೇಲೆ ಸ್ವಲ್ಪ ಒತ್ತಿದರು. ಗಾಳ ಬೆಣ್ಣೆಗೆ ಇಳಿದಂತೆ ಇಳಿಯಿತು. ಹಿಂದಕ್ಕೆ ಎಳೆದರೆ ಬರಲಿಲ್ಲ. ಗಾಳದ ಹಿಮ್ಮುಳ್ಳು ನೂಲಿನ ಹೆಣಿಗೆಯಲ್ಲಿ ಸಿಕ್ಕಿಕೊಂಡಿತ್ತು.

“ಕೊಯ್ಯೋದು ಬೇರೆ, ಚುಚ್ಚೋದು ಬೇರೆ,” ಎಂದರು ಅಂಗಡಿಯಾತನಿಗೆ. ಬೇಸರವೂ ಇಲ್ಲ, ಗತ್ತೂ ಇಲ್ಲ.

ಆಮೇಲೆ ಪೊಟ್ಟಣದ ಹಿಂದಿನ ಸಣ್ಣ ಗುರುತನ್ನು ನನಗೆ ತೋರಿಸಿದರು. ಒಂದು ಗುರಾಣಿಯಂಥ ಚಿತ್ರ, ಕೆಳಗೆ ಸಾಲಾಗಿ ಅಂಕಿಗಳು. ಮೊದಲನೆಯದು ಉಜ್ಜಿದರೆ ಎಷ್ಟು ತಾಳುತ್ತದೆ ಎಂದು, ಎರಡನೆಯದು ಕೊಯ್ದರೆ, ಮೂರನೆಯದು ಹರಿದರೆ, ನಾಲ್ಕನೆಯದು ಚುಚ್ಚಿದರೆ. ಅವರ ಕಾರ್ಖಾನೆಯ ಗೋಡೆಯ ಮೇಲೆ ಇದರದೇ ಒಂದು ದೊಡ್ಡ ಹಲಗೆ ಇದೆಯಂತೆ. ಈ ಬೂದು ಕೈಗವಸಿನ ಎರಡನೆಯ ಅಂಕಿ ಚೆನ್ನಾಗಿತ್ತು, ನಾಲ್ಕನೆಯದು ಬರೀ ಒಂದು. ಪರೀಕ್ಷೆ ಮಾಡುವವರು ಚುಚ್ಚುವುದೂ ದಪ್ಪ ಮೊಳೆಯಂಥದರಿಂದಲೇ, ಗಾಳದಿಂದ ಅಲ್ಲ, ಹಾಗಾಗಿ ಒಳ್ಳೆಯ ಅಂಕಿ ಇದ್ದರೂ ಮೈಮರೆಯಬೇಡ ಎಂದರು. ನನಗೆ ಅಂಕಿಗಳ ಮೇಲೆ ಮೊದಲಿಂದಲೂ ಸಿಟ್ಟು; ನನ್ನ ಪಾಲಿಗೆ ಬಂದ ಅಂಕಿಗಳು ಒಮ್ಮೆಯೂ ಒಳ್ಳೆಯದು ಹೇಳಿರಲಿಲ್ಲ. ಈ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಿಕೊಂಡೆ.

ಚರ್ಮದ್ದನ್ನು ಅಂಗಡಿಯಾತ ಬಹಳ ಹೊಗಳಿದ. ಅತ್ತಿಗೆ ಅದನ್ನು ಅವನ ಕುಡಿಯುವ ನೀರಿನ ಬಕೀಟಿನಲ್ಲೇ ಅದ್ದಿ ತೆಗೆದರು. ನೀರು ಕುಡಿದ ಚರ್ಮ ಜೋಲುಮೋರೆ ಹಾಕಿತು. ಒಣಗಿದರೆ ಹಲಗೆಯಾಗುತ್ತದೆ, ಒದ್ದೆಯಾದರೆ ಜಾರುತ್ತದೆ ಎಂದು ಅವರೇ ಹೇಳಿ, ಒದ್ದೆ ಮಾಡಿದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಉಕ್ಕಿನ ಸಣ್ಣ ಸಣ್ಣ ಬಳೆ ಹೆಣೆದ ಕೈಗವಸು ನೋಡುವುದಕ್ಕೆ ಯುದ್ಧಕ್ಕೆ ಹೊರಟ ಹಾಗಿತ್ತು. ಅದು ಚೂರಿಗೆ ಸರಿ. ಗಾಳದ ತುದಿ ಬಳೆಯ ತೂತಿನಲ್ಲಿ ನೇರವಾಗಿ ತೂರಿತು. ಕೊನೆಗೆ ಎರಡು ಉಳಿದವು. ಒಂದು, ಒಳಗೆ ಒತ್ತಾದ ಹೆಣಿಗೆ, ಅಂಗೈ ಮತ್ತು ಬೆನ್ನಿಗೆ ಸುಕ್ಕು ಸುಕ್ಕಾದ ದಪ್ಪ ರಬ್ಬರು, ಮಣಿಕಟ್ಟು ದಾಟಿ ಮೊಣಕೈಯ ಕಡೆಗೆ ಏರುವಷ್ಟು ಉದ್ದ. ಇನ್ನೊಂದು, ಚರ್ಮಕ್ಕೆ ಅಂಟಿಕೊಳ್ಳುವಂಥ ತೆಳ್ಳನೆಯದು. ದಪ್ಪದ್ದು ಹಾಕಿಕೊಂಡು ಇಕ್ಕಳ ಹಿಡಿದೆ. ಗಾಳದ ಬೆನ್ನು ಎಲ್ಲಿದೆ ಎಂದು ಕೈಗೆ ಗೊತ್ತೇ ಆಗಲಿಲ್ಲ. ತೆಳ್ಳನೆಯದರಲ್ಲಿ ಎಲ್ಲ ಗೊತ್ತಾಯಿತು.

“ಹಾಗಾದ್ರೆ ಎಡಕ್ಕೆ ದಪ್ಪದ್ದು, ಬಲಕ್ಕೆ ತೆಳ್ಳಂದು,” ಎಂದರು ಅತ್ತಿಗೆ. “ಯಾವ ಗ್ಲೌಸೂ ಗಾಳನ ಪೂರ್ತಿ ತಡೆಯಲ್ಲ. ಕೈ ಹಿಂದಕ್ಕೆ ತಗೊಳ್ಳೋಕೆ ಒಂದು ಗಳಿಗೆ ಕೊಡುತ್ತೆ. ಉಳಿದಿದ್ದು ನೀನು ನೋಡ್ಕೋಬೇಕು.”

ಒಂದು ಎಡ ಅದರಲ್ಲಿ, ಒಂದು ಬಲ ಇದರಲ್ಲಿ ಕೊಡು ಎಂದೆ. ಅಂಗಡಿಯಾತ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಚಪ್ಪಲಿ ಒಂದೇ ಕೊಡಿ ಎಂದು ಕೇಳುವವರು ಸಿಕ್ಕಿದ್ದರು, ಈಗ ಇದೂ ಬಂತು ಎಂದ. ನಾನು ಅವನಿಗೆ ನನ್ನ ಎರಡು ಕೈಗೆ ಎರಡು ಕೆಲಸ, ನಿನ್ನ ಬಾಯಿಗೆ ಮಾತ್ರ ಒಂದೇ ಕೆಲಸ ಎಂದೆ. ಅವನು ಎದ್ದು ನಿಂತ. ನಾನೂ ಅಂಗಿಯ ತೋಳು ಏರಿಸಿದೆ. ಅತ್ತಿಗೆ ನನ್ನ ಬೆನ್ನಿಗೆ ಇಕ್ಕಳದಿಂದ ಮೆಲ್ಲಗೆ ತಿವಿದು, ದಪ್ಪದ್ದು ಎರಡು ಜೊತೆ, ತೆಳ್ಳನೆಯದು ಒಂದು ಜೊತೆ ಕಟ್ಟಿಕೊಡಿ ಎಂದರು. ಉಳಿದ ಕೈಯವು ಕೊಳೆತೇನೂ ಹೋಗುವುದಿಲ್ಲ ಎಂದರು. ದಾರಿಯುದ್ದಕ್ಕೂ ನಾನು ಕೈಗವಸನ್ನು ಜೋಡಿಯಾಗಿ ಮಾರುವ ಎಲ್ಲರನ್ನೂ ಬೈದೆ. ಅತ್ತಿಗೆ ಮಧ್ಯೆ ಮಧ್ಯೆ ಹೂಂಗುಟ್ಟುತ್ತಾ ಬಂದರು.

ಸಂಜೆ ಅಡುಗೆಮನೆಯೇ ದೋಣಿಯಾಯಿತು. ಎಣ್ಣೆಯ ಖಾಲಿ ಡಬ್ಬಕ್ಕೆ ನೀರು ತುಂಬಿ, ಹೊರಮೈಗೆ ಸೋಪಿನ ನೊರೆ ಬಳಿದು, ಅದೇ ಮೀನು ಎಂದರು. ಅದರ ಕೊರಳಿಗೆ ಕಟ್ಟಿದ ದಾರವನ್ನು ದಪ್ಪ ಕೈಗವಸಿನಲ್ಲಿ ಹಿಡಿದು ನಾನು ಎತ್ತಬೇಕು. ಎತ್ತಿದೆ. ಕೈಗವಸು ಕೈಯಿಂದ ಜಾರಲು ಶುರುವಾಯಿತು. ತಪ್ಪು ಅದರದ್ದಲ್ಲ. ಮಡಚದ ಬೆರಳು ಒಳಗೆ ಕಡ್ಡಿಯ ಹಾಗೆ ನಿಂತು, ಹಿಡಿತ ಬಿದ್ದಾಗಲೆಲ್ಲ ಕೈಗವಸನ್ನು ಹೊರಕ್ಕೆ ನೂಕುತ್ತಿತ್ತು. ಅದೂ ಸಾಲದೆಂದು ರಬ್ಬರಿನ ಆ ಒಂಟಿ ಬೆರಳು ಉಳಿದವುಗಳಿಂದ ಬೇರೆಯಾಗಿ, ಬಂದ ಗಾಳ ಬರಲಿ ಎಂಬಂತೆ ಮುಂದಕ್ಕೆ ಚಾಚಿಕೊಂಡಿತ್ತು.

ನಾನು ಒಂದು ಗಟ್ಟಿ ಹುರಿ ತಂದು ಮಣಿಕಟ್ಟಿನ ಸುತ್ತ ಎರಡು ಸುತ್ತು ಬಿಗಿದು, ಹಲ್ಲಿನಿಂದ ಗಂಟು ಹಾಕಿಕೊಂಡೆ. ಈಗ ಜಾರಲಿ ನೋಡೋಣ. ಡಬ್ಬ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಕೈಗವಸು ಅಲ್ಲಾಡಲಿಲ್ಲ. ಅಣ್ಣ ಊಟದ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಭೇಷ್ ಎಂದ.

ಅತ್ತಿಗೆ ಗಾಳಕ್ಕೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿದರು. ಗಾಳವನ್ನು ನನ್ನ ಕೈಗವಸಿನ ಮಣಿಕಟ್ಟಿನ ರಬ್ಬರಿಗೆ ಚುಚ್ಚಿ, ಈಗ ಬಿಡಿಸಿಕೊಂಡು ಹೋಗು ಎಂದರು.

ಎಳೆದೆ. ಬರಲಿಲ್ಲ. ಬಲಗೈಯಿಂದ ಗಂಟು ಬಿಚ್ಚೋಣವೆಂದರೆ, ನೀರು ಕುಡಿದ ಹುರಿ ಇನ್ನಷ್ಟು ಬಿಗಿದು ಕೂತಿತ್ತು. ಕಾಲನ್ನು ಗೋಡೆಗೆ ಒದ್ದು ಎಳೆದೆ. ಕಿಟಕಿಯ ಪರದೆ ಅದನ್ನು ತೂಗುಹಾಕಿದ್ದ ಕೋಲಿನ ಸಮೇತ ನನ್ನ ತಲೆಯ ಮೇಲೆ ಬಿತ್ತು. ಅಣ್ಣ ತಟ್ಟೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಪರದೆಯೊಳಗಿಂದಲೇ ನಾನು ಅವನಿಗೆ, ಐಸಿಗೆ, ಕಿಟಕಿ ಮಾಡಿದ ಬಡಗಿಗೆ ಸೇರಿಸಿ ಬೈದೆ.

ಅತ್ತಿಗೆ ಪರದೆ ಸರಿಸಿ ನನ್ನ ಮುಖ ನೋಡಿದರು. ಅವರು ನಗುತ್ತಿರಲಿಲ್ಲ.

“ಕಿಟಕಿ ನಿಂತಲ್ಲೇ ನಿಂತಿದೆ. ಮೀನು ಕೆಳಗೆ ಹೋಗುತ್ತೆ. ಗೊತ್ತಾಯ್ತಾ?”

ಗೊತ್ತಾಯಿತು. ಕತ್ತರಿಯಿಂದ ಹುರಿ ಕತ್ತರಿಸಿದರು. ಕೈ ಹೊರಬಂತು.

ಹಾಗಾದರೆ ನನಗೆ ಬೇಕಾದದ್ದು ಎರಡು. ಕೆಲಸ ಮಾಡುವಾಗ ಕೈಯಲ್ಲೇ ಇರಬೇಕು. ಪ್ರಾಣಕ್ಕೆ ಬಂದಾಗ ಕೈಬಿಟ್ಟು ಹೋಗಬೇಕು. ಅಂಥದನ್ನು ಯಾವ ಪೊಟ್ಟಣದ ಮೇಲೂ ಬರೆದಿರಲಿಲ್ಲ. ಇನ್ನು ಐಸೇ ಗತಿ ಎಂದುಕೊಂಡು ನಾನು ಡಬ್ಬದ ನೀರು ಚೆಲ್ಲಿ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಂಚಿಲ್ಲದ ಬದುಕನ್ನು ಮನಸ್ಸಿನಲ್ಲೇ ನಡೆಸಿ ನೋಡಿದೆ. ಬೆಳಿಗ್ಗೆ ಅಣ್ಣನ ಜೊತೆ ಹೋಗುವುದು, ಸಂಜೆ ಅಣ್ಣನ ಜೊತೆ ಬರುವುದು. ಕೆಟ್ಟದ್ದೇನಲ್ಲ. ಆದರೂ ಖಾಲಿ ಡಬ್ಬವನ್ನು ಕಾಲಿಂದ ಒದ್ದೆ.

ಒಳಗೆ ಹೋದಾಗ ಅತ್ತಿಗೆ ಹೊಲಿಗೆಯ ಪೆಟ್ಟಿಗೆ ತೆಗೆದುಕೊಂಡು ನೆಲದ ಮೇಲೆ ಕೂತಿದ್ದರು. ದಪ್ಪ ಕೈಗವಸಿನ ಮಧ್ಯದ ಬೆರಳು ಮತ್ತು ಉಂಗುರದ ಬೆರಳು, ಎರಡನ್ನೂ ಒಳಮಗ್ಗುಲಲ್ಲಿ ಸೀಳಿ, ಒಂದು ಅಗಲವಾದ ಬೆರಳಾಗುವಂತೆ ಕೂಡಿಸಿ ಹೊಲಿಯುತ್ತಿದ್ದರು. ಹಾಕಿ ನೋಡು ಎಂದರು. ಹಾಕಿದೆ. ಒಂದೇ ಮನೆಯಲ್ಲಿ ಎರಡು ಬೆರಳು. ಮಧ್ಯದ ಬೆರಳು ಮಡಚಿದರೆ ಅದರ ಜೊತೆಗೇ ಆ ಹಟಮಾರಿಯೂ ಸ್ವಲ್ಪ ಬಾಗಿತು. ತಾನಾಗಿ ಬಾಗಲಾರದ್ದು ಜೊತೆ ಸಿಕ್ಕರೆ ಬಾಗುತ್ತಿತ್ತು. ಗಾಯವಾದ ಮೇಲೆ ಆ ಬೆರಳು ಬಾಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಇನ್ನು ಮಣಿಕಟ್ಟು,” ಎಂದರು. ಅಲ್ಲಿ ಸುತ್ತ ಬಿಗಿದು ಕೂರುವಂತೆ ಒಂದು ಸಣ್ಣ ಬಟ್ಟೆಯ ಪಟ್ಟಿ ಇಟ್ಟು, ಒಂದು ತುದಿಯನ್ನು ಗಟ್ಟಿಯಾಗಿ ಹೊಲಿದು, ಇನ್ನೊಂದು ತುದಿಯನ್ನು ಬರೀ ಒಂದೆಳೆ ದಾರದಲ್ಲಿ ಉದ್ದುದ್ದ ಪೋಣಿಸಿದರು. ದರ್ಜಿಗಳು ಬಟ್ಟೆ ಹೊಲಿಯುವ ಮೊದಲು ಗುರುತಿಗೆ ಹಾಕಿ ಆಮೇಲೆ ಕಿತ್ತು ಬಿಸಾಡುವಂಥ ಕಚ್ಚಾ ಹೊಲಿಗೆ. ಡಬ್ಬಕ್ಕೆ ಮತ್ತೆ ನೀರು ತುಂಬಿ ಎತ್ತಿಸಿದರು. ಕೈಗವಸು ಕೂತಲ್ಲೇ ಕೂತಿತು. ಮತ್ತೆ ಗಾಳ ಚುಚ್ಚಿ ಕಿಟಕಿಗೆ ಕಟ್ಟಿದರು. ಜೋರಾಗಿ ಎಳೆದೆ. ಟಪ್ಪೆಂದಿತು, ಕೈಗವಸು ಕಿಟಕಿಯಲ್ಲಿ, ನಾನು ಅಣ್ಣನ ಮೇಲೆ.

ಎಳೆ ಎಷ್ಟು ಗಟ್ಟಿ ಇರಬೇಕೆಂದು ಆ ಸಂಜೆ ಎಷ್ಟೋ ಸಲ ಹೊಲಿದು ಹರಿದು ನೋಡಿದೆವು. ಒಂದು ದಾರ ತೀರಾ ಸಡಿಲ, ಒಂದು ತೀರಾ ಬಿಗಿ. ಅಣ್ಣನೇ ಮೀನಾಗಿ ದಾರ ಹಿಡಿದು ಜಗ್ಗಿದ. ಕೊನೆಗೆ ಅತ್ತಿಗೆಯ ಹಳೆಯ ರವಿಕೆಯ ತೋಳು ಬಿಚ್ಚಿ ತೆಗೆದ ದಾರ ಸರಿಹೋಯಿತು. ಇನ್ನೊಂದು ಎಡ ಕೈಗವಸನ್ನೂ ಹಾಗೆಯೇ ಮಾಡಿ, ದೋಣಿಗೆ ಒಯ್ಯುವ ನನ್ನ ಡಬ್ಬಿಯಲ್ಲಿಟ್ಟರು. ಉಳಿದ ಕೈಯವನ್ನೂ ಹಾಗೇ ಸುತ್ತಿ ಅದರಲ್ಲೇ ಹಾಕಿದರು.

ಸಮುದ್ರಕ್ಕೆ ಹೊರಟ ದಿನ ಯಜಮಾನರು ಎಂದಿನಂತೆ ಎಲ್ಲರ ಮಣಿಕಟ್ಟು ನೋಡಿದರು. ಉಂಗುರ, ಗಡಿಯಾರ, ದಾರ ಏನಿದ್ದರೂ ಬಿಚ್ಚಿಸುತ್ತಾರೆ. ಹಗ್ಗ ಓಡುವ ಕಡೆ ಕೈಗೆ ಏನೂ ಕಟ್ಟಿರಬಾರದು ಎನ್ನುವುದು ಅವರ ನಿಯಮ. ನನ್ನ ಪಟ್ಟಿಯನ್ನು ಕಂಡು ಹುಬ್ಬು ಗಂಟಿಕ್ಕಿದರು. ಬೆರಳಿನಿಂದ ಆ ಒಂದೆಳೆಯನ್ನು ಸವರಿದರು. ಯಾರು ಹೊಲಿದದ್ದು ಎಂದು ಕೇಳಿದರು. ಅತ್ತಿಗೆ ಎಂದೆ. ಇರಲಿ ಎಂದು ಯಂತ್ರದ ಕಡೆ ಹೋದರು.

ಮೊದಲು ಬಂದದ್ದು ಬೆನ್ನಿನ ಮೇಲೆ ಮುಳ್ಳಿನ ಸಾಲಿದ್ದ ಮೀನು. ದಾರವನ್ನು ಕೈಗೆ ಸುತ್ತದೆ ಬರೀ ಹಿಡಿತದಲ್ಲಿ ಹಿಡಿದೆ, ತಲೆ ಒತ್ತಿದೆ, ತೆಳ್ಳನೆಯ ಕೈಗವಸಿನೊಳಗಿಂದ ಗಾಳದ ಬೆನ್ನು ಬೆರಳಿಗೆ ಸಿಕ್ಕಿತು, ತಿರುಗಿಸಿದೆ, ಬಂತು. ಎರಡನೆಯದೂ ಬಂತು. ಆಮೇಲೆ ಕೈಗಳ ಕಡೆ ಯೋಚನೆಯೇ ಹೋಗಲಿಲ್ಲ. ಕೈ ಇದೆ ಎಂಬುದನ್ನು ಮರೆತು ಕೆಲಸ ಮಾಡುವ ಸುಖ ಎಷ್ಟು ದೊಡ್ಡದೆಂದು ಕೈ ಕೆಟ್ಟವನಿಗೇ ಗೊತ್ತು. ಗೊಣಗ, ನಿನ್ನ ವೇಗಕ್ಕೆ ನನ್ನ ಕೋಲು ಸವೆಯುತ್ತದೆ ಎಂದು ಗೊಣಗಿದ. ಅವನ ಬಾಯಲ್ಲಿ ಅದು ಹೊಗಳಿಕೆ.

ಹಗ್ಗ ಅರ್ಧ ಬಂದಿರಬೇಕು. ಯಂತ್ರದ ದನಿ ಬದಲಾಯಿತು. ನೀರಿನೊಳಗೆ ನೀಲಿ ಬೆನ್ನೊಂದು ಹೊರಳಿತು. ದೊಡ್ಡ ಟ್ಯೂನಾ ಮೀನು. ಗೊಣಗ ಕೊಕ್ಕೆ ಹಾಕಿ ತಲೆಯನ್ನು ಅಂಚಿಗೆ ತಂದ. ನಾನು ಒತ್ತಿ ಹಿಡಿದು ಇಕ್ಕಳ ಹಾಕಿದೆ. ಗಾಳ ದವಡೆಯ ಮೂಲೆಯಲ್ಲಿತ್ತು, ಅರ್ಧ ತಿರುಗಿತು. ಆಗ ಮೀನು ಇಡೀ ಮೈಯನ್ನು ಒಮ್ಮೆ ಬಡಿಯಿತು. ಕೊಕ್ಕೆ ಕಿತ್ತುಬಂತು. ದಾರವನ್ನು ನಾನು ಬಿಟ್ಟೆ, ಸರಿಯಾಗಿಯೇ ಬಿಟ್ಟೆ. ಆದರೆ ಹೊರಗೆ ತೂಗಾಡುತ್ತಿದ್ದ ಎರಡನೆಯ ಗಾಳ ನನ್ನ ಎಡ ಮಣಿಕಟ್ಟಿನ ಬೆನ್ನ ಮೇಲಿನ ರಬ್ಬರಿಗೆ ಕಚ್ಚಿಕೊಂಡಿತ್ತು. ಮೀನು ಕೆಳಗೆ ಹೋಯಿತು.

ನನ್ನ ಕೈ ಅದರ ಜೊತೆ ಹೋಯಿತು. ಮೊಣಕೈ ಅಂಚು ದಾಟಿತು, ಭುಜ ದಾಟಿತು, ಎದೆ ಮರಕ್ಕೆ ಬಡಿಯಿತು, ಮುಖಕ್ಕೆ ಉಪ್ಪುನೀರು ತಾಗಿತು. ಕಾಲು ಹಲಗೆಯಿಂದ ಎದ್ದದ್ದು ಗೊತ್ತಾಯಿತು. ಗೊಣಗ ನನ್ನ ಸೊಂಟದ ಪಟ್ಟಿ ಹಿಡಿದದ್ದೂ ಗೊತ್ತಾಯಿತು. ಅಷ್ಟರಲ್ಲಿ ಮಣಿಕಟ್ಟಿನಲ್ಲಿ ಟಪ್ಪೆಂದಿತು. ಕಿಟಕಿಯ ಹತ್ತಿರ ಕೇಳಿದ್ದ ಅದೇ ಸದ್ದು. ಮಾಗಿದ ಹಣ್ಣು ಸಿಪ್ಪೆಯಿಂದ ಜಾರಿದ ಹಾಗೆ ಕೈ ಹೊರಬಂತು. ನಾನೂ ಗೊಣಗನೂ ಒಬ್ಬರ ಮೇಲೊಬ್ಬರು ಹಲಗೆಯ ಮೇಲೆ ಬಿದ್ದೆವು.

ಕೈ ಎತ್ತಿ ನೋಡಿದೆ. ಬಿಸಿಲಲ್ಲಿ ಐದೂ ಬೆರಳು. ನಾಲ್ಕು ಮಡಚಿದವು, ಒಂದು ನೆಟ್ಟಗೆ ನಿಂತಿತ್ತು.

ಯಜಮಾನರು ಯಂತ್ರ ನಿಲ್ಲಿಸಿದ್ದರು. ಮತ್ತೆ ನಿಧಾನವಾಗಿ ಎಳೆದರು. ಕವಲು ದಾರ ಹಗುರಾಗಿ ಮೇಲೆ ಬಂತು. ಮೀನು ತಪ್ಪಿಸಿಕೊಂಡಿತ್ತು. ಎರಡನೆಯ ಗಾಳಕ್ಕೆ ನನ್ನ ಕೈಗವಸು ನೇತಾಡುತ್ತಿತ್ತು, ನೀರು ತುಂಬಿ ಊದಿಕೊಂಡು, ಯಾರನ್ನೋ ಕರೆಯುವ ಹಾಗೆ.

“ಇದರ ಗಾಳ ಯಾರು ಬಿಡಿಸ್ತಾರೆ?” ಎಂದ ಗೊಣಗ. ಅವತ್ತು ಅವನು ಹೇಳಿದ್ದಕ್ಕೆ ನಾನು ನಕ್ಕೆ.

ಯಜಮಾನರೇ ಬಂದು ಬಿಡಿಸಿದರು. ಮಣಿಕಟ್ಟಿನ ಪಟ್ಟಿಯಲ್ಲಿ ಉಳಿದಿದ್ದ ದಾರದ ತುಂಡುಗಳನ್ನು ಬಹಳ ಹೊತ್ತು ನೋಡಿದರು. ಅಂಚಿನಿಂದ ನನ್ನನ್ನು ಇಳಿಸುವ ಮಾತು ಈಗ ಬರುತ್ತದೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ.

“ಹಿಂದೆ ನಮ್ಮ ಜೊತೆ ಒಬ್ಬ ಇದ್ದ,” ಎಂದರು. “ಗ್ಲೌಸನ್ನ ಕೈಗೆ ಕಟ್ಕೋತಿದ್ದ.” ಅಷ್ಟಕ್ಕೇ ನಿಲ್ಲಿಸಿ, ಕೈಗವಸಿನ ನೀರು ಹಿಂಡಿ ನನ್ನ ಕೈಗಿತ್ತರು. “ಇಂಥದ್ದು ಇನ್ನೊಂದು ಇದೆಯಾ?”

“ಇದೆ.”

“ಹಾಕ್ಕೋ. ಹಗ್ಗ ಇನ್ನೂ ಅರ್ಧ ಇದೆ.”

ಹಾಕಿಕೊಂಡು ಹೋಗಿ ಅಂಚಿನಲ್ಲಿ ನಿಂತೆ. ಅಷ್ಟು ಒಳ್ಳೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ.

ದಡಕ್ಕೆ ಮರಳುವ ದಾರಿಯಲ್ಲಿ ಡಬ್ಬಿ ತೆಗೆದಾಗ ಉಳಿದ ಕೈಗವಸುಗಳು ಸಿಕ್ಕವು. ದಪ್ಪದ್ದು ಬಲಗೈಯವು, ತೆಳ್ಳನೆಯದು ಎಡಗೈಯದು. ಯಾರಿಗೆ ಬರುತ್ತದೆ ಈ ತಲೆಕೆಳಗಾದ ಜೋಡಿ ಎಂದು ತಿರುಗಿಸಿ ನೋಡುತ್ತಾ ಕೂತೆ. ಬಲಗೈಯಲ್ಲಿ ಮೀನು ಹಿಡಿದು ಎಡಗೈಯಲ್ಲಿ ಚೂರಿ ಆಡಿಸುವವರಿಗೆ. ಆ ಕೆಂಪು ಗೆರೆ ಆಗ ನೆನಪಾಯಿತು. ಅವರ ಕಾರ್ಖಾನೆಯಲ್ಲಿ ಮೀನು ಹಿಡಿಯುವ ಕೈಗೆಂದು ಎಡಗೈಯ ದಪ್ಪ ಕೈಗವಸನ್ನು ಮಾತ್ರ ಕೊಡುತ್ತಾರೆ; ಸಂಜೆ ಅದು ನಮ್ಮ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುವುದನ್ನು ನಾನು ದಿನಾ ನೋಡುತ್ತಿದ್ದೆ. ಅದನ್ನೇ ಹಿಂದುಮುಂದಾಗಿ ಬಲಗೈಗೆ ಏರಿಸಿಕೊಂಡರೆ ಹೆಬ್ಬೆರಳಿನ ಬುಡ ಕೊಯ್ಯದೆ ಇನ್ನೇನು. ಅಂಗಡಿಯಲ್ಲಿ ನನ್ನ ಎರಡು ಕೈಗಳ ಬಗ್ಗೆ ಅಷ್ಟು ಹೊತ್ತು ಯೋಚಿಸಿದವರು ತಮ್ಮ ಕೈಗೆಂದು ಒಂದು ಮಾತೂ ಆಡಿರಲಿಲ್ಲ.

ಕಾರ್ಖಾನೆಯವರ ಮೇಲೆ ನನಗೆ ಬಂದ ಸಿಟ್ಟನ್ನು ಏನು ಮಾಡುವುದೆಂದು ತಿಳಿಯದೆ, ಗೊಣಗನ ಹತ್ತಿರ ಚೀಲ ಹೊಲಿಯುವ ದಬ್ಬಳ ಕೇಳಿ ತೆಗೆದುಕೊಂಡೆ. ಅತ್ತಿಗೆಯ ಅಂಗೈ ಅಗಲವೇ, ಮಣಿಕಟ್ಟು ಮಾತ್ರ ಸಣ್ಣದು. ದಪ್ಪ ಕೈಗವಸಿನ ಮಣಿಕಟ್ಟನ್ನು ಒಳಕ್ಕೆ ಮಡಚಿ ಹೊಲಿದೆ. ಅವರ ಮುಂದೆಯೂ ಮೀನು ಹೊತ್ತು ಓಡುವ ಪಟ್ಟಿ ಇದೆಯಲ್ಲ ಎಂದು ಅಲ್ಲಿಗೂ ಒಂದು ಬಟ್ಟೆಯ ಪಟ್ಟಿ ಇಟ್ಟು ಕಚ್ಚಾ ಹೊಲಿಗೆ ಹಾಕಿದೆ. ಬೆರಳಿಗೆ ದಬ್ಬಳ ಚುಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮೀನಿಗೆ ಗ್ಲೌಸು ಹಾಕುತ್ತೀಯ, ಸೂಜಿಗೆ ಬೇಡವಾ ಎಂದು ಗೊಣಗ ಕೇಳಿದ.

ಮನೆಗೆ ಬಂದಾಗ ಅತ್ತಿಗೆ ಹೆಬ್ಬೆರಳಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ಕೂತಿದ್ದರು. ಹರಿದ ಕೈಗವಸನ್ನು ಅವರ ಮುಂದೆ ಇಟ್ಟೆ. ಅವರು ತುಂಡಾದ ದಾರವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದರು. ಗಾಳದ ತೂತು ನೋಡಿದರು. ಆಮೇಲೆ ನನ್ನ ಕೈಯನ್ನು ಎಳೆದುಕೊಂಡು, ಮಗುವಿನ ಕೈ ತೊಳೆಯುವವರ ಹಾಗೆ, ಅಂಗೈ, ಬೆನ್ನು, ಬೆರಳ ಸಂದು ಎಲ್ಲ ತಿರುಗಿಸಿ ನೋಡಿದರು. ಎಣ್ಣೆಯ ಕೈ ನನ್ನ ಕೈಯನ್ನು ಬೇಗ ಬಿಡಲಿಲ್ಲ.

ಅಣ್ಣ ಒಳಗಿನಿಂದ, ನಾಳೆಯಿಂದ ಐಸಿಗೆ ಬರುತ್ತಾನಾ ಎಂದು ಕೇಳಿದ.

“ಅವನಿಗೆಲ್ಲಿ ಪುರುಸೊತ್ತು,” ಎಂದರು ಅತ್ತಿಗೆ.

ಆಗ ನಾನು ಹೊಲಿದು ತಂದದ್ದನ್ನು ಅವರ ಮಡಿಲಿಗೆ ಹಾಕಿದೆ. ಅವರು ಬಲಗೈಗೆ ದಪ್ಪದ್ದು, ಎಡಗೈಗೆ ತೆಳ್ಳನೆಯದು ಹಾಕಿಕೊಂಡರು. ಬಲಗೈ ಹೆಬ್ಬೆರಳನ್ನು ಆಡಿಸಿದರು, ಮತ್ತೊಮ್ಮೆ ಆಡಿಸಿದರು. ಹೆಬ್ಬೆರಳಿಗೆ ಹೆಬ್ಬೆರಳಿನ ಜಾಗವೇ ಸಿಕ್ಕಿತ್ತು. ಮಣಿಕಟ್ಟಿನ ಪಟ್ಟಿ ಹಿಡಿದು ಎಳೆದರು. ಹರಿಯಲಿಲ್ಲ. ಇನ್ನೂ ಜೋರಾಗಿ ಎಳೆದರು.

“ಇದು ಕಚ್ಚಾ ಹೊಲಿಗೆ ಅಲ್ಲಪ್ಪ, ಹಡಗು ಕಟ್ಟಬಹುದು ಇದ್ರಲ್ಲಿ.”

ಪೆಟ್ಟಿಗೆಯಿಂದ ರವಿಕೆಯ ದಾರ ತೆಗೆದು ನನ್ನ ಪಕ್ಕದಲ್ಲೇ ಕೂತು, ನನ್ನ ಹೊಲಿಗೆ ಬಿಚ್ಚಿ, ಹೇಗೆ ಹಾಕಬೇಕೆಂದು ತೋರಿಸಿದರು. ಕೊನೆಯ ನಾಲ್ಕು ಪೋಣಿಕೆ ನನ್ನ ಕೈಯಲ್ಲೇ ಹಾಕಿಸಿದರು. ಮಡಚದ ಬೆರಳು ಬಟ್ಟೆಯನ್ನು ಒತ್ತಿ ಹಿಡಿಯುವುದಕ್ಕೆ ಚೆನ್ನಾಗಿ ಒದಗಿತು. ಕಾರ್ಖಾನೆಯವರಿಗೆ ನಾನೇ ಬಂದು ಎರಡು ಮಾತು ಹೇಳುತ್ತೇನೆ ಎಂದೆ. ನೀನು ಆ ಕಡೆ ತಲೆ ಹಾಕಬೇಡ, ನನ್ನ ಕೆಲಸ ಹೋಗುತ್ತದೆ ಎಂದರು. ನಗುತ್ತಲೇ ಹೇಳಿದರು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಕೆಲಸಕ್ಕೆ ಹೋಗಿಯಾಗಿತ್ತು. ಬಾಗಿಲ ಪಕ್ಕದ ಮೊಳೆಯಲ್ಲಿ ನನ್ನ ಎಡಗೈಯದು ಹೊಸ ಎಳೆ ಹಾಕಿಸಿಕೊಂಡು ತೂಗುತ್ತಿತ್ತು. ಪಕ್ಕದ ಮೊಳೆಗೆ ಕಾರ್ಖಾನೆಯವರು ಕೊಟ್ಟಿದ್ದ ಕೈಗವಸು ನೇತಾಡುತ್ತಿತ್ತು. ಅದನ್ನು ಅವರು ಅವತ್ತು ಮನೆಯಲ್ಲೇ ಬಿಟ್ಟು ಹೋಗಿದ್ದರು.